ಕೋಜಿಂತ್ಸೆವನ ‘ಹ್ಯಾಮ್ಲೆಟ್’ ಚಲಚ್ಚಿತ್ರ: ಒಂದು ಚಾರಿತ್ರಿಕ ಪರಿಶೀಲನೆ

೧

ಚರಿತ್ರೆಯ ಅಭ್ಯಾಸಿಗಳಾದ ನಮಗೆ ಶಿಲಾಶಾಸನ, ತಾಮ್ರಪಟ, ಕಡತ, ಬಖೈರುಗಳನ್ನು ಆಧಾರಗಳೆಂದು ಒಪ್ಪಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಇಲ್ಲ. ಆದರೆ ಚಲಚ್ಚಿತ್ರವೊಂದನ್ನು ಆಧಾರವೆಂದು ಮುಂದಿಟ್ಟುಕೊಂಡರೆ, ಅದು ಮನೋರಂಜನೆಯ ವಸ್ತುವಲ್ಲವೇ, ಅದರಲ್ಲಿಯೂ ಮೂರೂವರೆ ಶತಮಾನಗಳ ಹಿಂದಿನ ನಾಟಕವೊಂದರ ಚಿತ್ರರೂಪದಿಂದ ಇಪ್ಪತ್ತನೆಯ ಶತಮಾನದ ಚರಿತ್ರೆಗೆ ದೊರೆಯುವ ಬೆಳಕಾದರೂ ಏನು ಎಂಬ ಆಕ್ಷೇಪ ಏಳುವುದು ಸಹಜ. ಈ ಆಕ್ಷೇಪಕ್ಕೆ ಸಾಮಾನ್ಯವಾದ ಉತ್ತರವನ್ನು ಕೊಡುವುದಕ್ಕಿಂತ ಒಂದು ನಿದರ್ಶನವನ್ನು ಕೂಲಂಕಷವಾಗಿ ಪರಿಶೀಲಿಸುವುದೇ ಲೇಸೆಂದು ನಾವು ಭಾವಿಸುತ್ತೇವೆ. ಗ್ರಿಗೋರಿ ಕೋಜಿಂತ್ಸೆವ್ ನಿರ್ದೇಶಿಸಿ, ಲೆನಿನ್‌ಗ್ರಾಡಿನ ಲೆನ್‌ಫಿಲ್ಮ್ ಸಂಸ್ಥೆ ತಯಾರಿಸಿ, ೧೯೬೪ರಲ್ಲಿ ಬಿಡುಗಡೆಯಾದ ‘ಹ್ಯಾಮ್ಲೆಟ್’ ಚಿತ್ರವೇ ಆ ನಿದರ್ಶನ.

ನಮ್ಮ ಪರಿಶೀಲನೆಗೆ ಎರಡು ದಾಖಲೆಗಳು ಎಲ್ಲೆಗಲ್ಲುಗಳಂತೆ ನಿಂತಿವೆ. ಮೊದಲನೆಯದು, ೧೯೪೬ರ ಸೆಪ್ಟೆಂಬರ್ ೪ರಂದು ಸೋವಿಯತ್ ಒಕ್ಕೂಟದ ಕಮ್ಯೂನಿಸ್ಟ್ ಪಕ್ಷದ ಕೇಂದ್ರ ಸಮಿತಿಯು ಚಲಚ್ಚಿತ್ರಗಳನ್ನು ಕುರಿತು ಅಂಗೀಕರಿಸಿದ ನಿರ್ಣಯ. ಅದರಲ್ಲಿ ಐಸೆನ್‌ಸ್ಟೈನನ ‘ಇವಾನ್ ದಿ ಟೆರಿಬಲ್’ ಚಿತ್ರದ ಎರಡನೆಯ ಭಾಗ ಖಂಡನೆಗೆ ಒಳಗಾಯಿತು. ದೃಢಸಂಕಲ್ಪನಾದ ಇವಾನ್ ದೊರೆಯನ್ನು ಇಚ್ಛಾಶಕ್ತಿಯಿಲ್ಲದ ದುರ್ಬಲನಾಗಿ, ಹ್ಯಾಮ್ಲೆಟ್ಟನಂಥವನಾಗಿ ಚಿತ್ರಿಸಲಾಗಿದೆ ಎಂಬುದು ಅಲ್ಲಿನ ಆರೋಪಗಳಲ್ಲೊಂದು. ಎರಡನೆಯ ದಾಖಲೆ, ೧೯೬೫ರ ಲೆನಿನ್ ಬಹುಮಾನಗಳ ಪಟ್ಟಿ. ಅದರಲ್ಲಿ ‘ಹ್ಯಾಮ್ಲೆಟ್’ ಚಿತ್ರಕ್ಕಾಗಿ ನಿರ್ದೇಶಕ ಕೋಜಿಂತ್ಸೆವನ ಹೆಸರೂ ನಾಯಕನಟ ಇನ್ನೊಕೆಂತಿ ಸ್ಮೋಕ್ತುನೋವ್ಸ್ಕಿಯ ಹೆಸರೂ ಕಾಣುತ್ತವೆ. ಒಂದು ದಾಖಲೆಯಲ್ಲಿ ಹ್ಯಾಮ್ಲೆಟ್ ಎಂಬುದು ನಿಂದೆಯ ಮಾತು. ಮತ್ತೊಂದರಲ್ಲಿ ಅದೇ ಹೆಸರು ರಾಷ್ಟ್ರದ ಅತ್ಯುನ್ನತ ಪುರಸ್ಕಾರಕ್ಕೆ ಕಾರಣ. ಎರಡಕ್ಕೂ ನಡುವಣ ಅಂತರ ಹತ್ತೊಂಬತ್ತು ವರ್ಷಗಳು ಮಾತ್ರ. ರಾಜ್ಯ ಅದೇ, ಪಕ್ಷ ಅದೇ, ನಾಟಕವೂ ಅದೇ. ಹಾಗಾದರೆ ಬದಲಾದದ್ದೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಪ್ರಕೃತ ಲೇಖನದ ಉದ್ದೇಶ.

೨

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಿಕೊಳ್ಳಬೇಕು. ಸ್ಟಾಲಿನ್ನನ ಕಾಲದಲ್ಲಿ ‘ಹ್ಯಾಮ್ಲೆಟ್’ ನಾಟಕವನ್ನು ನಿಷೇಧಿಸಲಾಗಿತ್ತೆಂದು ಕೆಲವರು ಸಾರಾಸಗಟಾಗಿ ಬರೆಯುವುದುಂಟು. ಆದರೆ ಅಂಥ ಬಹಿರಂಗ ಆಜ್ಞೆಯೊಂದು ಹೊರಟಿರಲಿಲ್ಲ. ೧೯೩೨ರಲ್ಲಿ ನಿಕೊಲಾಯ್ ಅಕೀಮೊವ್ ಮಾಸ್ಕೋದ ವಖ್ತಾಂಗೊವ್ ರಂಗಮಂದಿರದಲ್ಲಿ ಈ ನಾಟಕವನ್ನು ಬಹುಮಟ್ಟಿಗೆ ವಿಡಂಬನೆಯಾಗಿಯೇ ಆಡಿಸಿದನು. ಅದಕ್ಕೆ ಸಂಗೀತವನ್ನು ಒದಗಿಸಿದವನು ತರುಣನಾಗಿದ್ದ ದ್ಮಿತ್ರಿ ಶೋಸ್ತಕೋವಿಚ್. ೧೯೩೮ರಲ್ಲಿ ಸೆರ್ಗೆಯ್ ರಾದ್ಲೋವ್ ಲೆನಿನ್‌ಗ್ರಾಡಿನಲ್ಲಿ ಅದನ್ನು ಮತ್ತೆ ರಂಗಕ್ಕೆ ತಂದನು. ಸೋವಿಯತ್ ವಿದ್ವಾಂಸರು ಷೇಕ್ಸ್‌ಪಿಯರನನ್ನು ಪುನರುಜ್ಜೀವನ ಯುಗದ ಮಾನವತಾವಾದಿಯೆಂದು ಗೌರವಿಸುತ್ತಲೇ ಇದ್ದರು. ಆದಕಾರಣ ಗ್ರಂಥಕ್ಕೆ ಬಹಿಷ್ಕಾರವಿತ್ತೆಂದು ಹೇಳುವುದು ಸರಿಯಾಗಲಾರದು.

ಆದರೂ ಈ ನಾಟಕದ ಸುತ್ತ ಒಂದು ಭಯದ ನೆರಳು ಕವಿದಿತ್ತೆಂಬುದು ಸುಳ್ಳಲ್ಲ. ಮಹಾ ನಿರ್ದೇಶಕನಾದ ಮೆಯರ್‌ಹೋಲ್ಡನು ‘ಹ್ಯಾಮ್ಲೆಟ್’ ನಾಟಕವನ್ನು ಆಡಿಸಬೇಕೆಂದು ಬಹುಕಾಲದಿಂದ ಹಂಬಲಿಸುತ್ತಿದ್ದು, ಅದಕ್ಕಾಗಿ ಹೊಸ ಭಾಷಾಂತರವೊಂದನ್ನು ಸಿದ್ಧಪಡಿಸಬೇಕೆಂದು ಕವಿ ಬೊರಿಸ್ ಪಾಸ್ತರ್ನಾಕನನ್ನು ಕೇಳಿಕೊಂಡನು. ಭಾಷಾಂತರ ಸಾಗಿರುವಾಗಲೇ, ೧೯೩೯ರ ಜೂನ್ ತಿಂಗಳಲ್ಲಿ, ಮೆಯರ್‌ಹೋಲ್ಡನ ಬಂಧನವಾಯಿತು. ೧೯೪೦ರ ಫೆಬ್ರುವರಿ ೨ರಂದು ಅವನನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅದೇ ವರ್ಷ ಪಾಸ್ತರ್ನಾಕನ ಭಾಷಾಂತರ ಪ್ರಕಟವಾಯಿತು. ಮಾಸ್ಕೋ ಆರ್ಟ್ ಥಿಯೇಟರಿನವರು ಅದನ್ನು ಅಭ್ಯಾಸಕ್ಕೆ ಎತ್ತಿಕೊಂಡರಾದರೂ ಆ ಪ್ರಯೋಗ ಪ್ರೇಕ್ಷಕರ ಮುಂದೆ ಬರಲೇ ಇಲ್ಲ. ಸ್ಟಾಲಿನ್ನನು ಆಡಿದ ಒಂದು ಮಾತಿನಿಂದಾಗಿ ಅಭ್ಯಾಸ ನಿಂತುಹೋಯಿತೆಂಬ ಪ್ರತೀತಿ ಉಂಟು. ಪ್ರತೀತಿಯನ್ನು ಪ್ರತೀತಿಯೆಂದೇ ಇಟ್ಟುಕೊಳ್ಳೋಣ. ಆದರೆ ೧೯೪೬ರ ನಿರ್ಣಯ ಪ್ರತೀತಿಯಲ್ಲ. ೧೯೪೭ರ ಫೆಬ್ರುವರಿಯಲ್ಲಿ ಐಸೆನ್‌ಸ್ಟೈನನನ್ನೂ ಇವಾನನ ಪಾತ್ರಧಾರಿ ಚೆರ್ಕಾಸೊವನನ್ನೂ ಕ್ರೆಮ್ಲಿನ್ನಿಗೆ ಕರೆಸಿಕೊಂಡ ಸ್ಟಾಲಿನ್, ನಿಮ್ಮ ದೊರೆ ನಿರ್ಧಾರಶಕ್ತಿಯಿಲ್ಲದ ಹ್ಯಾಮ್ಲೆಟ್ಟನಂತಾಗಿದ್ದಾನೆ ಎಂಬ ಅರ್ಥದ ಮಾತನ್ನೇ ಮತ್ತೊಮ್ಮೆ ಆಡಿದನೆಂಬುದಕ್ಕೂ ಅವರಿಬ್ಬರು ಉಳಿಸಿದ ಲಿಖಿತ ಆಧಾರವಿದೆ.

ಇದರ ತಾತ್ಪರ್ಯವನ್ನು ನಾವು ಗಮನಿಸಬೇಕು. ಆ ಆಳ್ವಿಕೆಗೆ ಅಹಿತವಾಗಿದ್ದುದು ಡೆನ್ಮಾರ್ಕಿನ ಕಥೆಯಲ್ಲ, ರಾಜಹತ್ಯೆಯ ಪ್ರಸಂಗವೂ ಅಲ್ಲ. ಕೈಯೆತ್ತುವ ಮುನ್ನ ಯೋಚಿಸುವ ಮನುಷ್ಯನೇ ಅದಕ್ಕೆ ಅಹಿತನಾಗಿದ್ದನು. ಐಸೆನ್‌ಸ್ಟೈನನ ಇವಾನ್ ತಾನು ಮಾಡಿಸಿದ ಕೊಲೆಗಳನ್ನು ನೆನೆದು ಒಳಗೊಳಗೇ ಕುದಿಯುತ್ತಾನೆ. ಆ ಕುದಿತವನ್ನೇ ನಿರ್ಣಯವು ದೌರ್ಬಲ್ಯವೆಂದು ಕರೆಯಿತು. ಚಿಂತನೆಯೆಂದರೆ ಸಂಶಯ, ಸಂಶಯವೆಂದರೆ ದೌರ್ಬಲ್ಯ, ದೌರ್ಬಲ್ಯವೆಂದರೆ ದ್ರೋಹ ಎಂಬ ಸರಣಿ ಅದರ ಹಿಂದೆ ಅಡಗಿತ್ತು.

ಅದೇ ನಿರ್ಣಯದಲ್ಲಿ ಇನ್ನೊಂದು ಚಿತ್ರವೂ ಖಂಡಿತವಾಗಿದ್ದಿತೆಂಬ ಸಂಗತಿಯನ್ನು ಓದುಗರು ವಿಶೇಷವಾಗಿ ಲಕ್ಷಿಸಬೇಕು. ಯುದ್ಧಕಾಲದಲ್ಲಿ ಕಾರ್ಖಾನೆಯೊಂದನ್ನು ಕೆಲಸಗಾರರ ಸಮೇತ ಮಧ್ಯ ಏಷ್ಯಕ್ಕೆ ಸಾಗಿಸಿದ ಕಥೆಯುಳ್ಳ ‘ಸಾಮಾನ್ಯ ಜನರು’ ಎಂಬುದೇ ಆ ಚಿತ್ರ. ಅದರ ನಿರ್ದೇಶಕರು ಇಬ್ಬರು: ಲಿಯೊನಿದ್ ತ್ರೌಬೆರ್ಗ್ ಮತ್ತು ಗ್ರಿಗೋರಿ ಕೋಜಿಂತ್ಸೆವ್. ಹೀಗೆ ಹ್ಯಾಮ್ಲೆಟ್ಟನ ಹೆಸರೂ ಮುಂದೆ ಅವನನ್ನು ತೆರೆಗೆ ತರಲಿದ್ದ ನಿರ್ದೇಶಕನ ಹೆಸರೂ ಒಂದೇ ಆಪಾದನಾಪತ್ರದಲ್ಲಿ ಕೂಡಿಬಂದಿದ್ದುವು.

೩

ಶಾಸನವನ್ನು ಓದುವಾಗ ಅದನ್ನು ಬರೆಸಿದವನಾರು, ರಚಿಸಿದವನಾರು, ಕಂಡರಿಸಿದವನಾರು ಎಂದು ಮೊದಲು ವಿಚಾರಿಸುವುದು ನಮ್ಮ ಪದ್ಧತಿ. ಈ ಚಿತ್ರದ ವಿಷಯದಲ್ಲಿಯೂ ಅದನ್ನೇ ಅನುಸರಿಸಬಹುದು.

ಕೋಜಿಂತ್ಸೆವ್ (೧೯೦೫–೧೯೭೩) ಕೀವ್ ನಗರದಲ್ಲಿ ಹುಟ್ಟಿ, ಹದಿಹರೆಯದಲ್ಲಿಯೇ ಪೆತ್ರೊಗ್ರಾಡಿಗೆ ಬಂದು, ತ್ರೌಬೆರ್ಗನೊಡನೆ ಹೊಸ ಬಗೆಯ ರಂಗಪ್ರಯೋಗಗಳಲ್ಲಿ ತೊಡಗಿದವನು. ಇವರಿಬ್ಬರ ‘ಮಕ್ಸೀಮ್’ ಚಿತ್ರತ್ರಯಕ್ಕೆ ೧೯೪೧ರಲ್ಲಿ ಸ್ಟಾಲಿನ್ ಬಹುಮಾನ ಬಂದಿತು. ಐದೇ ವರ್ಷಗಳಲ್ಲಿ ಮೇಲೆ ಹೇಳಿದ ಖಂಡನೆಯೂ ಬಂದಿತು. ‘ಸಾಮಾನ್ಯ ಜನರು’ ಚಿತ್ರ ೧೯೫೬ರವರೆಗೆ ಬೆಳಕು ಕಾಣಲಿಲ್ಲ. ೧೯೪೯ರಲ್ಲಿ ‘ಬೇರಿಲ್ಲದ ವಿಶ್ವನಾಗರಿಕರು’ ಎಂಬ ಹಣೆಪಟ್ಟಿಯಡಿ ಯಹೂದ್ಯ ಬುದ್ಧಿಜೀವಿಗಳ ಮೇಲೆ ನಡೆದ ದಾಳಿಗೆ ತ್ರೌಬೆರ್ಗನು ಗುರಿಯಾದನು. ಈ ಕಷ್ಟಕಾಲದಲ್ಲಿ ಕೋಜಿಂತ್ಸೆವನಿಗೆ ಷೇಕ್ಸ್‌ಪಿಯರನ ಅಧ್ಯಯನವೇ ಆಸರೆಯಾಯಿತೆನ್ನಬಹುದು. ಸ್ಟಾಲಿನ್ ತೀರಿಕೊಂಡುದು ೧೯೫೩ರ ಮಾರ್ಚ್ ೫ರಂದು. ಮರುವರ್ಷ, ಎಂದರೆ ೧೯೫೪ರಲ್ಲಿ, ಎರಡು ‘ಹ್ಯಾಮ್ಲೆಟ್’ಗಳು ರಂಗವೇರಿದುವು: ಲೆನಿನ್‌ಗ್ರಾಡಿನಲ್ಲಿ ಕೋಜಿಂತ್ಸೆವನದು, ಮಾಸ್ಕೋದಲ್ಲಿ ಓಖ್ಲೊಪ್ಕೊವನದು. ಓಖ್ಲೊಪ್ಕೊವನ ರಂಗಸಜ್ಜಿಕೆಯಲ್ಲಿ ಸೆರೆಮನೆಯ ಬಾಗಿಲುಗಳನ್ನು ನೆನಪಿಸುವ ಭಾರಿ ಕದಗಳಿದ್ದುವು. ಡೆನ್ಮಾರ್ಕ್ ಒಂದು ಸೆರೆಮನೆಯೆಂದು ನಾಯಕನು ಆಡುವ ಮಾತನ್ನು ಆ ಕದಗಳೇ ಪ್ರೇಕ್ಷಕರಿಗೆ ಸಾರುತ್ತಿದ್ದುವು. ಅದೇ ೧೯೫೪ರಲ್ಲಿ ಇಲ್ಯಾ ಎಹ್ರೆನ್‌ಬುರ್ಗನ ‘ಹಿಮ ಕರಗುವಿಕೆ’ ಎಂಬ ಕಾದಂಬರಿ ಪ್ರಕಟವಾಗಿ, ಮುಂದಿನ ಹತ್ತು ವರ್ಷಗಳ ಯುಗಕ್ಕೇ ಅದರ ಹೆಸರು ನಿಂತಿತು. ಎಹ್ರೆನ್‌ಬುರ್ಗನ ಪತ್ನಿ ಕೋಜಿಂತ್ಸೆವನ ಸೋದರಿಯೆಂಬುದನ್ನೂ ಇಲ್ಲಿ ನೆನೆಯಬಹುದು.

ಭಾಷಾಂತರಕಾರನಾದ ಪಾಸ್ತರ್ನಾಕನ ಕಥೆ ಇನ್ನೂ ಕಠೋರವಾದುದು. ಅವನ ‘ಡಾಕ್ಟರ್ ಝಿವಾಗೊ’ ಕಾದಂಬರಿ ೧೯೫೭ರಲ್ಲಿ ಇಟಲಿಯಲ್ಲಿ ಅಚ್ಚಾಗಿ, ೧೯೫೮ರಲ್ಲಿ ನೊಬೆಲ್ ಪಾರಿತೋಷಕ ಘೋಷಣೆಯಾದಾಗ, ಅವನನ್ನು ಲೇಖಕರ ಸಂಘದಿಂದ ಉಚ್ಚಾಟಿಸಲಾಯಿತು. ಪಾರಿತೋಷಕವನ್ನು ನಿರಾಕರಿಸುವುದು ಅವನಿಗೆ ಅನಿವಾರ್ಯವಾಯಿತು. ಆ ಕಾದಂಬರಿಯ ಕೊನೆಯಲ್ಲಿರುವ ಕವಿತೆಗಳಲ್ಲಿ ಮೊದಲನೆಯದಕ್ಕೆ ‘ಹ್ಯಾಮ್ಲೆಟ್’ ಎಂದೇ ಹೆಸರು. ಕವಿ ೧೯೬೦ರ ಮೇ ೩೦ರಂದು ತೀರಿಕೊಂಡನು. ಸ್ವದೇಶದಲ್ಲಿ ಅಚ್ಚಾಗಿರದ ಆ ಕವಿತೆಯನ್ನು ಪೆರೆದೆಲ್ಕಿನೊದ ಶವಸಂಸ್ಕಾರದಲ್ಲಿ ನೆರೆದಿದ್ದವರು ಸಮಾಧಿಯ ಬಳಿ ಬಾಯಿಪಾಠವಾಗಿ ಹೇಳಿದರು. ನಾಲ್ಕು ವರ್ಷಗಳ ತರುವಾಯ ಅದೇ ಕವಿಯ ‘ಹ್ಯಾಮ್ಲೆಟ್’ ಭಾಷಾಂತರದ ಮಾತುಗಳು ಅದೇ ದೇಶದ ಚಿತ್ರಮಂದಿರಗಳಲ್ಲಿ ಎಲ್ಲರ ಕಿವಿಗೂ ಬಿದ್ದುವು. ‘ಝಿವಾಗೊ’ ಮಾತ್ರ ಅಲ್ಲಿ ಬೆಳಕು ಕಾಣಲು ೧೯೮೮ರವರೆಗೆ ಕಾಯಬೇಕಾಯಿತು.

ಸಂಗೀತವನ್ನು ರಚಿಸಿದ ಶೋಸ್ತಕೋವಿಚನು ೧೯೩೬ರ ಜನವರಿಯಲ್ಲಿ ‘ಪ್ರಾವ್ದಾ’ ಪತ್ರಿಕೆಯ ಕುಪ್ರಸಿದ್ಧ ಲೇಖನದಿಂದಲೂ, ೧೯೪೮ರ ಫೆಬ್ರುವರಿಯಲ್ಲಿ ಪಕ್ಷದ ಮತ್ತೊಂದು ನಿರ್ಣಯದಿಂದಲೂ ಎರಡು ಬಾರಿ ಬಹಿರಂಗ ಅವಮಾನಕ್ಕೆ ಈಡಾದವನು. ನಾಯಕನಟ ಸ್ಮೋಕ್ತುನೋವ್ಸ್ಕಿಯಾದರೋ ಯುದ್ಧದಲ್ಲಿ ಹೋರಾಡಿ, ೧೯೪೩ರಲ್ಲಿ ಜರ್ಮನರಿಗೆ ಸೆರೆಸಿಕ್ಕಿ, ತಪ್ಪಿಸಿಕೊಂಡು ಬಂದ ಸೈನಿಕ. ಶತ್ರುವಿನ ಸೆರೆಯಲ್ಲಿದ್ದು ಬಂದವರನ್ನು ಸಂಶಯದಿಂದ ಕಾಣುತ್ತಿದ್ದ ಆ ಕಾಲದಲ್ಲಿ ಅವನು ದೂರದ ಉತ್ತರದ ನೊರಿಲ್ಸ್ಕ್ ನಗರದ ರಂಗಮಂದಿರದಲ್ಲಿ ಕೆಲವು ವರ್ಷಗಳನ್ನು ಕಳೆಯಬೇಕಾಯಿತು.

ಕಣ್ಗಾವಲು, ಮೌನ, ಗೋಡೆಯ ಹಿಂದಿನ ಕಿವಿ ಇವುಗಳ ಅರ್ಥವನ್ನು ಈ ನಾಲ್ವರು ಗ್ರಂಥಗಳಿಂದ ಕಲಿತಿರಲಿಲ್ಲ.

೪

ಇನ್ನು ಚಿತ್ರದ ಒಳಗಿನ ಸಾಕ್ಷ್ಯವನ್ನು ನೋಡೋಣ. ಇದಕ್ಕೆ ೧೯೪೮ರ ಲಾರೆನ್ಸ್ ಒಲಿವಿಯರನ ಇಂಗ್ಲಿಷ್ ಚಿತ್ರದೊಡನೆ ಹೋಲಿಕೆ ಬಹಳ ಉಪಯುಕ್ತವಾಗಿದೆ. ಒಲಿವಿಯರನು ಚಿತ್ರದ ಆರಂಭದಲ್ಲಿಯೇ, ಇದು ಮನಸ್ಸನ್ನು ಗಟ್ಟಿಮಾಡಿಕೊಳ್ಳಲಾರದ ಮನುಷ್ಯನ ಕಥೆಯೆಂದು ಹಿನ್ನೆಲೆಯ ಧ್ವನಿಯಲ್ಲಿ ಹೇಳಿಬಿಡುತ್ತಾನೆ. ಅವನ ಎಲ್ಸಿನೋರ್ ಬಹುಮಟ್ಟಿಗೆ ಜನರಿಲ್ಲದ ಮೊಗಸಾಲೆಗಳ, ಸುತ್ತುಮೆಟ್ಟಿಲುಗಳ ಒಂದು ಅಂತರಂಗ. ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನರನ್ನೂ ಫೋರ್ಟಿನ್‌ಬ್ರಾಸನನ್ನೂ ಅವನು ಪೂರ್ತಿಯಾಗಿ ಕೈಬಿಟ್ಟಿದ್ದಾನೆ. ಅವರೊಡನೆ ಬೇಹುಗಾರಿಕೆ, ಯುದ್ಧ, ರಾಜ್ಯದ ಉತ್ತರಾಧಿಕಾರ ಇವೆಲ್ಲವೂ ಬಹುಪಾಲು ಹೊರಟುಹೋದುವು. ಉಳಿದುದು ಒಂದು ಕುಟುಂಬ ಮತ್ತು ಒಂದು ಮನಸ್ಸು.

ಕೋಜಿಂತ್ಸೆವನು ಆ ಮೂವರನ್ನೂ ಮತ್ತೆ ಕರೆತಂದನು. ಅವರೊಡನೆ ರಾಜ್ಯವೂ ಮರಳಿ ಬಂದಿತು. ಸಮುದ್ರದ ಅಲೆಗಳ ಮೇಲೆ ಬಿದ್ದ ಕೋಟೆಯ ನೆರಳಿನಿಂದ ಅವನ ಚಿತ್ರ ಆರಂಭವಾಗುತ್ತದೆ. ಗಂಟೆ ಮೊಳಗುತ್ತದೆ, ಗೋಡೆಗಳಿಂದ ಕರಿಯ ಬಾವುಟಗಳು ಇಳಿಬೀಳುತ್ತವೆ, ತಂದೆಯ ಸಾವಿನ ಸುದ್ದಿ ತಿಳಿದ ರಾಜಕುಮಾರ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿಕೊಂಡು ಬರುತ್ತಾನೆ. ಅವನು ಒಳಹೊಕ್ಕ ಮೇಲೆ ಆಳುಗಳು ಯಂತ್ರವನ್ನು ತಿರುಗಿಸುತ್ತಾರೆ. ಎತ್ತುಸೇತುವೆ ನಿಧಾನವಾಗಿ ಮೇಲೇಳುತ್ತದೆ. ಕಬ್ಬಿಣದ ಹಲ್ಲುಗಳುಳ್ಳ ಬಾಗಿಲು ಇಳಿಯುತ್ತದೆ. ಕಂದಕದ ನೀರಿನ ಮೇಲಣ ಬೆಳಕು ಮುಚ್ಚಿಹೋಗುತ್ತದೆ. ಒಂದು ಮಾತೂ ಇಲ್ಲದೆ ಚಿತ್ರದ ವಾದ ಇಲ್ಲಿಗೆ ಮಂಡಿತವಾಗಿದೆ: ರಾಜಕುಮಾರ ಅರಮನೆಗೆ ಬಂದಿಲ್ಲ, ಸೆರೆಗೆ ಬಂದಿದ್ದಾನೆ.

ನಾಟಕದಲ್ಲಿ ಹೊಸ ದೊರೆ ಕ್ಲಾಡಿಯಸ್ ಆಸ್ಥಾನದಲ್ಲಿ ಆಡುವ ಮಾತುಗಳ ಆರಂಭವನ್ನು ಚಿತ್ರದಲ್ಲಿ ಮೊದಲು ಕೇಳುವವರು ಕೋಟೆಯ ಹೊರಗೆ ನಿಂತ ಬಡಜನರು. ಡಂಗುರದವನೊಬ್ಬ ಅದನ್ನು ರಾಜಾಜ್ಞೆಯಾಗಿ ಓದುತ್ತಾನೆ. ಜನ ಮೌನವಾಗಿ ಕೇಳುತ್ತಾರೆ. ಅವೇ ಮಾತುಗಳನ್ನು ಒಳಗೆ ರಾಯಭಾರಿಗಳು ತಂತಮ್ಮ ಭಾಷೆಗಳಲ್ಲಿ ಹೇಳಿಕೊಳ್ಳುತ್ತಾರೆ. ಅಧಿಕಾರದ ಮಾತು ಒಬ್ಬನ ಬಾಯಿಂದ ಹೊರಟು ಎಲ್ಲರ ಬಾಯಲ್ಲೂ ಪ್ರತಿಧ್ವನಿಯಾಗುವ ಕ್ರಮವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಸ್ವಗತಗಳನ್ನು ಅಳವಡಿಸಿರುವ ರೀತಿಯೂ ವಿಚಾರಯೋಗ್ಯವಾಗಿದೆ. ಹ್ಯಾಮ್ಲೆಟ್ಟನ ಮೊದಲನೆಯ ಸ್ವಗತವನ್ನು ಷೇಕ್ಸ್‌ಪಿಯರನು ಏಕಾಂತದಲ್ಲಿ ಇಟ್ಟಿದ್ದಾನೆ. ಇಲ್ಲಿ ಅವನು ನಗುವ, ಬಾಗುವ ಆಸ್ಥಾನಿಕರ ಗುಂಪಿನ ನಡುವೆ ನಡೆದುಹೋಗುತ್ತಾನೆ. ತುಟಿಗಳು ಅಲುಗುವುದಿಲ್ಲ, ಒಳಗಿನ ಧ್ವನಿ ಮಾತ್ರ ಪ್ರೇಕ್ಷಕನಿಗೆ ಕೇಳಿಸುತ್ತದೆ. ಒಲಿವಿಯರನ ಚಿತ್ರದಲ್ಲಿಯೂ ಈ ತಂತ್ರ ಉಂಟು. ಆದರೆ ಅಲ್ಲಿ ಅದು ಏಕಾಂಗಿಯ ಮನೋವ್ಯಾಪಾರದ ಚಿತ್ರಣವಾದರೆ, ಇಲ್ಲಿ ಅದು ಪ್ರಾಣರಕ್ಷಣೆಯ ಉಪಾಯ. ಕಿವಿಗಳಿರುವ ಗೋಡೆಗಳ ನಡುವೆ ಬದುಕುವವನು ಯೋಚಿಸಬಹುದು, ಆಡುವಂತಿಲ್ಲ. ಇರುವುದೋ ಇಲ್ಲವಾಗುವುದೋ ಎಂಬ ಸುಪ್ರಸಿದ್ಧ ಸ್ವಗತಕ್ಕಾಗಿ ರಾಜಕುಮಾರನು ಕೋಟೆಯನ್ನು ಬಿಟ್ಟು ಕಡಲ ತೀರದ ಬಂಡೆಗಳ ನಡುವೆ ಹೋಗಬೇಕಾಗುತ್ತದೆ.

ಒಫೀಲಿಯಳ ಪಾತ್ರದಲ್ಲಿ ಈ ವಾದ ಇನ್ನಷ್ಟು ಮನಕರಗಿಸುವಂತಿದೆ. ಅನಸ್ತಾಸಿಯಾ ವೆರ್ತಿನ್‌ಸ್ಕಾಯಾ ಅಭಿನಯಿಸಿದ ಈ ಹುಡುಗಿಯನ್ನು ನಾವು ಮೊದಲು ಕಾಣುವುದು ನೃತ್ಯಪಾಠದಲ್ಲಿ. ಕಿಣಿಕಿಣಿಯೆನ್ನುವ ಸಂಗೀತಕ್ಕೆ ಸರಿಯಾಗಿ, ಮುದುಕಿಯೊಬ್ಬಳ ಕಣ್ಣೆದುರಿನಲ್ಲಿ, ಅವಳು ಕೀಲುಗೊಂಬೆಯಂತೆ ಕೈಕಾಲುಗಳನ್ನು ಇಡುತ್ತಾಳೆ. ತಂದೆ ಸತ್ತ ಮೇಲೆ ಕರಿಯುಡುಪಿನ ಹೆಂಗಸರು ಅವಳ ಎಳೆಯ ಮೈಗೆ ಕಬ್ಬಿಣದ ಕವಚವೊಂದನ್ನು ಬಿಗಿದು, ಅದರ ಮೇಲೆ ಶೋಕವಸ್ತ್ರವನ್ನು ತೊಡಿಸುತ್ತಾರೆ. ಅಳುವುದಕ್ಕೂ ಒಂದು ಸಮವಸ್ತ್ರವಿರುವ ರಾಜ್ಯದಲ್ಲಿ ಹುಚ್ಚೊಂದೇ ಅವಳಿಗೆ ದೊರೆತ ಬಿಡುಗಡೆ.

ಸ್ಮೋಕ್ತುನೋವ್ಸ್ಕಿಯ ಹ್ಯಾಮ್ಲೆಟ್ ಚಂಚಲಚಿತ್ತನಲ್ಲ. ಅವನು ಅಬ್ಬರಿಸುವುದು ಅಪರೂಪ, ಎಲ್ಲರನ್ನೂ ನೋಡುತ್ತಾನೆ, ಕೇಳುತ್ತಾನೆ, ಅಳೆಯುತ್ತಾನೆ. ಕೊಳಲಿನ ಪ್ರಸಂಗವೇ ಈ ಅಭಿನಯದ ಶಿಖರವೆಂದು ನಮ್ಮ ಅಭಿಪ್ರಾಯ. ಬೇಹಿಗೆ ಬಂದ ಹಳೆಯ ಗೆಳೆಯನಿಗೆ ಕೊಳಲನ್ನು ಕೊಟ್ಟು, ಇದನ್ನೇ ನುಡಿಸಲಾರದ ನೀನು ನನ್ನನ್ನು ನುಡಿಸಬಲ್ಲೆಯಾ ಎಂದು ಕೇಳುವಾಗ, ಮನುಷ್ಯನನ್ನು ವಾದ್ಯವಾಗಿಸಿಕೊಳ್ಳುವ ಎಲ್ಲ ಅಧಿಕಾರಕ್ಕೂ ಅವನು ಉತ್ತರ ಕೊಡುತ್ತಿರುವಂತೆ ತೋರುತ್ತದೆ. ೧೯೪೬ರ ನಿರ್ಣಯ ಯಾವುದನ್ನು ದೌರ್ಬಲ್ಯವೆಂದು ಕರೆದಿತ್ತೋ ಅದನ್ನು ಈ ಚಿತ್ರ ಅಂತಃಸಾಕ್ಷಿಯೆಂದು ಕರೆಯಿತು. ಬದಲಾದದ್ದೇನು ಎಂಬ ನಮ್ಮ ಪ್ರಶ್ನೆಗೆ ಮೊದಲನೆಯ ಉತ್ತರ ಇದೇ. ವಿಷಾದುಕ್ತವಾದ ಅಂತ್ಯವೂ ಇದಕ್ಕೆ ಹೊಂದಿಕೊಂಡಿದೆ: ವಿಷದ ಗಾಯ ತಗುಲಿದ ರಾಜಕುಮಾರ ಕೋಟೆಯೊಳಗೆ ಸಾಯುವುದಿಲ್ಲ, ಹೊರಗೆ ನಡೆದುಬಂದು, ಕಡಲ ಬಂಡೆಗೆ ಒರಗಿ, ಬಯಲ ಗಾಳಿಯಲ್ಲಿ ಪ್ರಾಣಬಿಡುತ್ತಾನೆ.

೫

ಇಷ್ಟನ್ನು ಓದಿದವರು, ಹಾಗಾದರೆ ಕ್ಲಾಡಿಯಸನೆಂದರೆ ಸ್ಟಾಲಿನ್, ಎಲ್ಸಿನೋರೆಂದರೆ ಕ್ರೆಮ್ಲಿನ್, ಚಿತ್ರವೇ ಒಂದು ಗುಪ್ತಲಿಪಿ ಎಂದು ತೀರ್ಮಾನಿಸಬಹುದು. ಈ ಸುಲಭವಾದ ತೀರ್ಮಾನಕ್ಕೆ ನಾವು ಒಪ್ಪಲಾರೆವು. ಚಿತ್ರದ ವೇಷಭೂಷಣಗಳು ಹದಿನಾರನೆಯ ಶತಮಾನದವು. ಅದನ್ನು ತಯಾರಿಸಿದುದು ರಾಜ್ಯದ ಹಣದಿಂದ, ರಾಜ್ಯದ ಸಂಸ್ಥೆಯಲ್ಲಿ. ಅದು ಹೊರಬಂದುದು ಷೇಕ್ಸ್‌ಪಿಯರನ ನಾನ್ನೂರನೆಯ ಜಯಂತಿಯ ವರ್ಷದಲ್ಲಿ. ವೆನಿಸ್ ಚಿತ್ರೋತ್ಸವದಲ್ಲಿ ಅದೇ ವರ್ಷ ಅದಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಬಂದಾಗ ಸೋವಿಯತ್ ಸರ್ಕಾರ ಹೆಮ್ಮೆಪಡಲು ಅಡ್ಡಿಯೇನೂ ಇರಲಿಲ್ಲ. ಮಾನವತಾವಾದಿಯಾದ ರಾಜಕುಮಾರ ಮಧ್ಯಯುಗದ ದಬ್ಬಾಳಿಕೆಯ ವಿರುದ್ಧ ಹೋರಾಡಿದನೆಂಬ ವ್ಯಾಖ್ಯಾನ ಅಲ್ಲಿನ ಪಾಠಪುಸ್ತಕಗಳಿಗೂ ಒಪ್ಪಿತವಾದುದೇ. ಒಂದೇ ಚಿತ್ರವನ್ನು ಅಧಿಕಾರಿಯೂ ನೋಡಿ ಮೆಚ್ಚಬಹುದಾಗಿತ್ತು, ಶಿಬಿರದಿಂದ ಮರಳಿದವನೂ ನೋಡಿ ಕಣ್ಣೀರಿಡಬಹುದಾಗಿತ್ತು. ಈ ಎರಡು ಓದುಗಳಲ್ಲಿ ಒಂದನ್ನು ಮಾತ್ರ ನಿಜವೆಂದು ಆರಿಸಿಕೊಂಡರೆ ಆ ಯುಗವೇ ನಮಗೆ ಅರ್ಥವಾಗದೆ ಹೋಗುತ್ತದೆ.

ಎರಡು ಘಟನೆಗಳು ಈ ಮಾತನ್ನು ಸಮರ್ಥಿಸುತ್ತವೆ. ಚಿತ್ರ ತೆರೆಕಂಡ ವರ್ಷದಲ್ಲಿಯೇ, ೧೯೬೪ರ ಮಾರ್ಚ್ ೧೩ರಂದು, ಅದೇ ಲೆನಿನ್‌ಗ್ರಾಡಿನ ನ್ಯಾಯಾಲಯವೊಂದು ತರುಣಕವಿ ಜೋಸೆಫ್ ಬ್ರಾಡ್ಸ್ಕಿಗೆ, ಅವನು ದುಡಿಯದೆ ಬದುಕುವ ಪರೋಪಜೀವಿಯೆಂಬ ಅಪರಾಧಕ್ಕಾಗಿ, ಐದು ವರ್ಷಗಳ ಗಡಿಪಾರನ್ನೂ ಕಡ್ಡಾಯ ದುಡಿಮೆಯನ್ನೂ ವಿಧಿಸಿತು. ಅವನ ಪರವಾಗಿ ಮೊರೆಯಿಟ್ಟವರಲ್ಲಿ ಶೋಸ್ತಕೋವಿಚನೂ ಒಬ್ಬ. ಅದೇ ವರ್ಷದ ಅಕ್ಟೋಬರ್ ೧೪ರಂದು ಕ್ರುಶ್ಚೇವನು ಅಧಿಕಾರದಿಂದ ಇಳಿದನು. ಹಿಮ ಕರಗುವ ಕಾಲ ಕೊನೆಗಾಣತೊಡಗಿತು. ಹ್ಯಾಮ್ಲೆಟ್ಟನಿಗೆ ಬಹುಮಾನ ಕೊಟ್ಟ ರಾಜ್ಯವೇ ಕವಿಗೆ ಗಡಿಪಾರನ್ನೂ ಕೊಟ್ಟಿತು. ಆದಕಾರಣ ನಮ್ಮ ಪ್ರಶ್ನೆಗೆ ಎರಡನೆಯ ಉತ್ತರ ಹೀಗಿದೆ: ೧೯೪೬ಕ್ಕೂ ೧೯೬೫ಕ್ಕೂ ನಡುವೆ ಗೋಡೆ ಬೀಳಲಿಲ್ಲ, ಆದರೆ ಗೋಡೆಯೊಂದಿದೆಯೆಂದು ತೋರಿಸುವುದಕ್ಕೆ, ಅದೂ ಡೆನ್ಮಾರ್ಕಿನ ಹೆಸರಿನಲ್ಲಿ, ಅವಕಾಶ ದೊರೆಯಿತು. ಈ ಬದಲಾವಣೆ ಅಲ್ಪವೆಂದು ತೋರಬಹುದು. ಅದರ ಬೆಲೆಯನ್ನು ಮೆಯರ್‌ಹೋಲ್ಡನಂಥವರು ತೆತ್ತಿದ್ದರೆಂದು ನೆನೆದಾಗ ಅದು ಅಲ್ಪವೆನಿಸುವುದಿಲ್ಲ.

ರುದ್ರನಾಟಕವೊಂದು ತಾನು ಹೊಕ್ಕ ನಾಡಿನ ಚರಿತ್ರೆಯನ್ನು ಮೈಗೂಡಿಸಿಕೊಳ್ಳುವುದು ನಮಗೂ ಅಪರಿಚಿತವಲ್ಲ. ಕುವೆಂಪು ಅವರು ಈ ನಾಟಕವನ್ನೇ ‘ರಕ್ತಾಕ್ಷಿ’ಯಾಗಿ ಬಿದನೂರಿನ ಇತಿಹಾಸಕ್ಕೆ ಒಗ್ಗಿಸಿದುದನ್ನು ಕನ್ನಡ ವಾಚಕರು ಬಲ್ಲರು. ಆದರೆ ನಮ್ಮ ಕಾಲೇಜುಗಳಲ್ಲಿ ‘ಹ್ಯಾಮ್ಲೆಟ್’ ಪಾಠವಾದಾಗಲೆಲ್ಲ ವಿದ್ಯಾರ್ಥಿಗಳಿಗೆ ಹಾಕುವ ವಾಡಿಕೆಯ ಪ್ರಶ್ನೆಯೊಂದುಂಟು: ರಾಜಕುಮಾರನು ಸೇಡು ತೀರಿಸಿಕೊಳ್ಳುವುದರಲ್ಲಿ ತಡಮಾಡಿದನೇಕೆ? ಆ ಪ್ರಶ್ನೆಯನ್ನು ಬಿಟ್ಟುಬಿಡಬೇಕೆಂದು ನಾವು ಹೇಳುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಇಡಬೇಕೆಂಬುದಷ್ಟೇ ನಮ್ಮ ಸೂಚನೆ: ಮನುಷ್ಯನೊಬ್ಬನು ನಿಂತು ಯೋಚಿಸುವುದನ್ನು ಅಪರಾಧವೆಂದೆಣಿಸುವ ರಾಜ್ಯ ಎಂಥದು? ಮೊದಲನೆಯ ಪ್ರಶ್ನೆಗೆ ಉತ್ತರ ನಾಟಕದ ಪುಟಗಳಲ್ಲಿ ಸಿಕ್ಕೀತು. ಎರಡನೆಯದಕ್ಕೆ ಚರಿತ್ರೆಯನ್ನೇ ಓದಬೇಕು.